ಮೌನವಾಗಿ ಕುಳಿತ ಮಗು ಮಂದಮತಿಯಲ್ಲ

ಮನೆಯಲ್ಲಿ ಒಂದು ಭಾಷೆ, ಮದ್ರಸದಲ್ಲಿ ಒಂದು ಲಿಪಿ, ಶಾಲೆಯಲ್ಲಿ ಇನ್ನೊಂದು ಭಾಷೆ ಮತ್ತು ಇನ್ನೊಂದು ಲಿಪಿ. ಆರು ವರ್ಷದ ಮಗುವಿನ ಹೆಗಲ ಮೇಲೆ ನಾವೆಲ್ಲರೂ ಸೇರಿ ಹೊರಿಸುವ ಹೊರೆ ಇದು. ನಮ್ಮ ಬಹುತೇಕ ಮಕ್ಕಳು ಇದನ್ನು ಹೊತ್ತು ನಡೆಯುತ್ತಾರೆ. ಕೆಲವರು ಮಾತ್ರ ನಡುದಾರಿಯಲ್ಲಿ ಮೌನವಾಗುತ್ತಾರೆ. ಆ ಮೌನವನ್ನು ದಡ್ಡತನವೆಂದು ಭಾವಿಸುವವರು ಶಾಲೆಗಳಲ್ಲಿಯೂ ಇದ್ದಾರೆ, ನಮ್ಮ ಮನೆಗಳಲ್ಲಿಯೂ ಇದ್ದಾರೆ.

ನಾವು ಮದ್ರಸದಲ್ಲಿ ಕಲಿತು, ಮದ್ರಸದಲ್ಲಿಯೇ ಕಲಿಸುತ್ತಿರುವವರು. ಕನ್ನಡವನ್ನು ಓದಿ ಬಿ.ಎ. ಪದವಿ ಪಡೆದವರು. ಮದ್ರಸದ ತರಗತಿಗಳು ಫಜ್ರ್ ನಮಾಝಿನ ನಂತರ ಮತ್ತು ಸಂಜೆ ನಡೆಯುತ್ತವೆ. ನಡುವಿನ ಹಗಲು ಬಿಡುವಾಗಿರುತ್ತದೆ. ಆ ಬಿಡುವಿನಲ್ಲಿ ವಾರಕ್ಕೆ ಮೂರು ದಿನ, ನಮ್ಮ ಮೊಹಲ್ಲಾಕ್ಕೆ ಸಮೀಪದ ಸರಕಾರಿ ಕನ್ನಡ ಶಾಲೆಯ ನಲಿ-ಕಲಿ ತರಗತಿಯಲ್ಲಿ ಸಹಾಯಕರಾಗಿ ಕುಳಿತುಕೊಳ್ಳುತ್ತೇವೆ. ಇದಕ್ಕೆ ಸಂಬಳವಿಲ್ಲ, ಹುದ್ದೆಯ ಹೆಸರೂ ಇಲ್ಲ. "ಹಜರತ್, ಇದರಿಂದ ನಿಮಗೇನು ಸಿಗುತ್ತದೆ?" ಎಂದು ಮಸೀದಿಯ ಅಂಗಳದಲ್ಲಿ ಹಲವರು ಕೇಳಿದ್ದಾರೆ. ಅವರಿಗೆ ಹೇಳಬೇಕಾದ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ.

ನಲಿ-ಕಲಿ ಪದ್ಧತಿಯು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. 2009-10ರ ಹೊತ್ತಿಗೆ ರಾಜ್ಯದಾದ್ಯಂತ ಸರಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಇಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು, ಕಲಿಕಾ ಏಣಿಯನ್ನು ನೋಡಿ, ತಮ್ಮ ತಮ್ಮ ಕಾರ್ಡುಗಳನ್ನು ಹಿಡಿದು ಕಲಿಯುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಸಂಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು. ಬೇರೆ ಗುಂಪುಗಳು ಗೆಳೆಯರ ನೆರವಿನಿಂದ ಅಥವಾ ಸ್ವಂತವಾಗಿ ಕಲಿಯಬೇಕು. ಪದ್ಧತಿ ಸುಂದರವಾಗಿದೆ. ಆದರೆ ಗೆಳೆಯನ ಭಾಷೆಯೇ ಅರ್ಥವಾಗದ ಮಗುವಿಗೆ ಗೆಳೆಯನ ನೆರವು ದೊರೆಯುವುದು ಹೇಗೆ? ಶಿಕ್ಷಕಿಯಾದರೋ ಒಬ್ಬರೇ. ಅವರು ಒಂದು ಗುಂಪಿನೆದುರು ಕುಳಿತಾಗ ಉಳಿದ ಗುಂಪುಗಳಲ್ಲಿ ಯಾರು ಮೌನವಾಗಿದ್ದಾರೆಂಬುದು ಅವರ ಕಣ್ಣಿಗೆ ಬೀಳುವುದು ಕಷ್ಟ. ತರಗತಿಯ ಸಹಾಯಕನ ಕೆಲಸ ಆರಂಭವಾಗುವುದು ಆ ಮೂಲೆಯಲ್ಲಿಯೇ.

ಉರ್ದು ಮನೆಮಾತಿನ ಮಗು ಕನ್ನಡದಲ್ಲಿ ಎಡವುವ ಜಾಗಗಳು ಹೊರಗಿನವರಿಗೆ ಕಾಣುವುದಿಲ್ಲ. ಉರ್ದುವಿನಲ್ಲಿ 'ಳ' ಎಂಬ ಧ್ವನಿಯಿಲ್ಲ. ಆದ್ದರಿಂದ ಮಗು 'ಹಳ್ಳಿ' ಎಂಬುದನ್ನು 'ಹಲ್ಲಿ' ಎಂದು ಓದುತ್ತದೆ, ತರಗತಿ ನಗುತ್ತದೆ. ಉರ್ದುವಿನಲ್ಲಿ ಪ್ರತಿಯೊಂದು ವಸ್ತುವಿಗೂ ಪುಲ್ಲಿಂಗ ಅಥವಾ ಸ್ತ್ರೀಲಿಂಗವಿದೆ; ನಪುಂಸಕ ಲಿಂಗವಿಲ್ಲ. 'ಗಾಡಿ' ಅಲ್ಲಿ ಸ್ತ್ರೀಲಿಂಗವಾದುದರಿಂದ ಮಗು 'ಗಾಡಿ ಬಂದಳು' ಎನ್ನುತ್ತದೆ; ತರಗತಿ ಮತ್ತೊಮ್ಮೆ ನಗುತ್ತದೆ. ಬೆಳಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದಿ ಬಂದ ಮಗು ಶಾಲೆಯಲ್ಲಿ ಕನ್ನಡದ ನೋಟ್‌ಬುಕ್ಕನ್ನು ಹಿಂದಿನ ಪುಟದಿಂದ ತೆರೆಯುತ್ತದೆ. ಇವು ಬುದ್ಧಿಯ ದೋಷಗಳಲ್ಲ. ಒಂದು ಭಾಷೆಯ ನಿಯಮವನ್ನು ನಿಷ್ಠೆಯಿಂದ ಇನ್ನೊಂದಕ್ಕೆ ಅನ್ವಯಿಸಿದ ಪರಿಣಾಮಗಳು. ಆದರೆ ಮೂರು ಬಾರಿ ನಗೆಗೀಡಾದ ಮಗು ನಾಲ್ಕನೆಯ ಬಾರಿ ಬಾಯಿ ತೆರೆಯುವುದಿಲ್ಲ.

ಎರಡು ಭಾಷೆಗಳನ್ನೂ ಬಲ್ಲವನು ಹತ್ತಿರ ಕುಳಿತರೆ ಈ ಎಡವುಗಳೇ ಮೆಟ್ಟಿಲುಗಳಾಗುತ್ತವೆ. ಉರ್ದು ಮತ್ತು ಕನ್ನಡ ಎರಡರಲ್ಲಿಯೂ ವಾಕ್ಯದ ಕೊನೆಗೆ ಕ್ರಿಯಾಪದ ಬರುತ್ತದೆ. ಮಗುವಿಗೆ ವಾಕ್ಯದ ಕಟ್ಟಡ ಮೊದಲೇ ಗೊತ್ತಿದೆ. ಖಾಲಿ, ಅರ್ಜಿ, ಜಮೀನು, ದವಾಖಾನೆ, ಕಚೇರಿ ಇವೆಲ್ಲ ಮನೆಯಲ್ಲಿಯೇ ಕೇಳಿದ ಪದಗಳು. ಕನ್ನಡ ಮನೆಮಾತಿನ ಅನೇಕ ಮಕ್ಕಳು ತಡವರಿಸುವ 'ಖ', 'ಘ', 'ಭ'ಗಳನ್ನು ಈ ಮಕ್ಕಳು ಸಲೀಸಾಗಿ ನುಡಿಯುತ್ತಾರೆ. "ನಿನಗೆ ಇಷ್ಟು ಕನ್ನಡ ಈಗಾಗಲೇ ಬರುತ್ತದೆ" ಎಂದು ತೋರಿಸಿಕೊಟ್ಟಾಗ ಮಗುವಿನ ಮುಖದಲ್ಲಿ ಮೂಡುವ ಧೈರ್ಯವನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಒಬ್ಬ ಬಾಲಕಿಯ ವಿಚಾರವನ್ನು ಹೇಳಲೇಬೇಕು. ಎರಡನೆಯ ತರಗತಿಗೆ ಬಂದರೂ ಆಕೆ ಶಾಲೆಯಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. "ಇವಳಿಗೆ ಓದು ಹತ್ತುವುದಿಲ್ಲ ಹಜರತ್, ಮನೆಯಲ್ಲಿ ತಮ್ಮನನ್ನಾದರೂ ನೋಡಿಕೊಳ್ಳಲಿ" ಎಂದು ತಂದೆ ನಿರ್ಧರಿಸುವ ಹಂತದಲ್ಲಿದ್ದರು. ನಾವು ಆಕೆಯ ಮುಂದೆ ಚಿತ್ರದ ಕಾರ್ಡೊಂದನ್ನಿಟ್ಟು ಮನೆಯ ಭಾಷೆಯಲ್ಲಿ ಕೇಳಿದೆವು. ಸಂತೆಗೆ ಹೋಗುವ ಅಜ್ಜಿಯ ಇಡೀ ಕತೆಯನ್ನು ಆಕೆ ತಡೆಯಿಲ್ಲದೆ ಹೇಳಿದಳು. ಆಕೆಯಲ್ಲಿ ಮಾತಿತ್ತು, ಎಣಿಕೆಯಿತ್ತು, ಕಲ್ಪನೆಯಿತ್ತು, ಕನ್ನಡವೊಂದೇ ಇರಲಿಲ್ಲ. ಅದೇ ಕತೆಯನ್ನು ದಿನಕ್ಕೊಂದು ವಾಕ್ಯದಂತೆ ಕನ್ನಡಕ್ಕೆ ತಂದೆವು. ನಲಿ-ಕಲಿಯ ಮೊದಲ ಅಕ್ಷರಗಳಾದ ರ, ಗ, ಸ, ದ, ಅಗಳಿಂದ ಹೊಸದಾಗಿ ಆರಂಭಿಸಿದೆವು. ಒಂದು ದಿನದಲ್ಲಿ ಏನೂ ಬದಲಾಗಲಿಲ್ಲ. ಆಕೆ ತಾನಾಗಿಯೇ 'ಗರಗಸ' ಎಂದು ಓದಿ ತಲೆಯೆತ್ತಿ ನೋಡುವಷ್ಟರಲ್ಲಿ ಒಂದು ಅವಧಿಯೇ ಕಳೆದಿತ್ತು. ಈಗ ನಾಲ್ಕನೆಯ ತರಗತಿಯಲ್ಲಿದ್ದಾಳೆ. ತಮ್ಮನನ್ನು ಶಾಲೆಗೆ ಕರೆತರುವವಳು ಆಕೆಯೇ.

ಈ ಕೆಲಸಕ್ಕೆ ಬರುವವರು ಒಂದು ವಿಷಯವನ್ನು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ತರಗತಿಯ ಒಡೆತನ ಶಿಕ್ಷಕಿಯದು. ಮದ್ರಸದಲ್ಲಿ ನಾವು ಉಸ್ತಾದರಾಗಿರಬಹುದು. ಅಲ್ಲಿ ನಾವು ಎರಡನೆಯವರು. ಮಕ್ಕಳ ಎದುರು ಶಿಕ್ಷಕಿಯನ್ನು ತಿದ್ದಬಾರದು, ಅವರ ಪಾಠದ ಕ್ರಮವನ್ನು ಕೆಡಿಸಬಾರದು, ನಮ್ಮ ಮೊಹಲ್ಲಾದ ಮಗುವನ್ನು ಮಾತ್ರ ನೋಡುತ್ತಾ ಕೂರಬಾರದು. ಪಕ್ಕದ ಲಂಬಾಣಿ ತಾಂಡಾದ ಮಗುವೂ ಇದೇ ಕಷ್ಟದಲ್ಲಿದೆ. ಅದರ ಭಾಷೆ ನಮಗೆ ಬಾರದಿದ್ದರೂ ಅದರ ಮೌನದ ಅರ್ಥ ನಮಗೆ ಗೊತ್ತು. ಸಂಪೂರ್ಣವಾಗಿ ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಯನ್ನು ಸಂವಿಧಾನದ 28ನೆಯ ವಿಧಿಯು ನಿಷೇಧಿಸುತ್ತದೆ. ದೀನೀ ಶಿಕ್ಷಣಕ್ಕೆ ಮದ್ರಸವಿದೆ. ಶಾಲೆಯ ಬಾಗಿಲು ದಾಟಿದ ಮೇಲೆ ಅಕ್ಷರ ಮತ್ತು ಅಂಕಿಗಳಷ್ಟೇ ನಮ್ಮ ಕೆಲಸ. ಈ ಗೆರೆಯನ್ನು ಕಾಯ್ದುಕೊಂಡವನನ್ನು ಊರು ನಂಬುತ್ತದೆ. ಆರಂಭದಲ್ಲಿ ಅನುಮಾನದಿಂದ ನೋಡಿದ ಪೋಷಕರೇ ಈಗ ತಮ್ಮ ಮಕ್ಕಳ ಓದಿನ ಬಗ್ಗೆ ನಮ್ಮೊಡನೆ ಮಾತನಾಡುತ್ತಾರೆ.

ಪ್ರವಾದಿ(ಸ)ರ ಆದೇಶದ ಮೇರೆಗೆ ಝೈದ್ ಬಿನ್ ಸಾಬಿತ್(ರ)ರವರು ಯಹೂದಿಯರ ಲಿಪಿಯನ್ನು ಕಲಿತ ವಿಚಾರ ನಮಗೆಲ್ಲ ತಿಳಿದದ್ದೇ. ನೆರೆಯವರ ಭಾಷೆಯನ್ನು ಕಲಿಯುವುದು ದೀನಿನಿಂದ ದೂರ ಸರಿಯುವುದಲ್ಲ. ಕನ್ನಡವಂತೂ ನಮಗೆ ನೆರೆಯವರ ಭಾಷೆಯಷ್ಟೇ ಅಲ್ಲ, ನಮ್ಮದೇ ನೆಲದ ಭಾಷೆ.

ದಾರಿ ಕಷ್ಟದ್ದಲ್ಲ. ಖಾಯಂ ಶಿಕ್ಷಕರಾಗಲು ಡಿ.ಎಡ್. ಅಥವಾ ಬಿ.ಎಡ್. ಹಾಗೂ ಅರ್ಹತಾ ಪರೀಕ್ಷೆ ಬೇಕು. ಸ್ವಯಂಸೇವಕರಾಗಿ ನೆರವಾಗಲು ಮುಖ್ಯ ಶಿಕ್ಷಕರ ಮತ್ತು ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆಯನ್ನು ಕೇಳಬಹುದು. ಕೇಂದ್ರ ಶಿಕ್ಷಣ ಸಚಿವಾಲಯದ 'ವಿದ್ಯಾಂಜಲಿ' ಯೋಜನೆಯಲ್ಲಿ ಹೆಸರು ನೋಂದಾಯಿಸಿಕೊಂಡೂ ಶಾಲೆಯನ್ನು ಸಂಪರ್ಕಿಸಬಹುದು. ಸಮಿತಿಯಲ್ಲಿ ಪೋಷಕರದ್ದೇ ಬಹುಮತ. ನಮ್ಮ ತಾಯಂದಿರು ಆ ಸಭೆಗಳಿಗೆ ಹೋಗಬೇಕು. ಪಿಯುಸಿ, ಪದವಿ ಮುಗಿಸಿ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳು ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಬಲ್ಲರು. ಆದರೆ ಸ್ವಯಂಸೇವೆ ಶಿಕ್ಷಕರ ಖಾಲಿ ಹುದ್ದೆಗಳಿಗೆ ಪರಿಹಾರವಲ್ಲ. ಆ ಹುದ್ದೆಗಳನ್ನು ತುಂಬುವಂತೆ ಕೇಳುವ ಹಕ್ಕನ್ನೂ ನಾವು ಬಿಡಬಾರದು.

ಏನು ಸಿಗುತ್ತದೆ ಎಂದು ಕೇಳಿದವರಿಗೆ ನಮ್ಮ ಉತ್ತರವಿಷ್ಟೇ. ಸಹಾಯಕನ ಕೆಲಸ ಸಫಲವಾಗುವುದು ಮಗುವಿಗೆ ಅವನ ಅಗತ್ಯವಿಲ್ಲದಂತಾದ ದಿನ. ಅಂಥ ದಿನಗಳು ನಮಗೆ ಕೆಲವು ಸಿಕ್ಕಿವೆ. ನಿಮ್ಮ ಮನೆಯ ಸಮೀಪದ ಸರಕಾರಿ ಶಾಲೆಯಲ್ಲಿ ಮೌನವಾಗಿ ಕುಳಿತಿರುವ ಮಗುವಿನ ಪಕ್ಕದ ಚಾಪೆ ಇಂದಿಗೂ ಖಾಲಿಯಿದೆ. ಅಲ್ಲಿ ಕುಳಿತುಕೊಳ್ಳುವ ತಾಳ್ಮೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.