ಲಂಡನ್ನಿನಲ್ಲಿ ಚಟ್ನಿಪುಡಿ

ಕಾಸು ಎಣಿಸಿ ತಿನ್ನುವ ಬಿಳಿಯರನ್ನು ನಮ್ಮ ಬಸ್ತಿಹಳ್ಳಿಯವರು ಎಂದೋ ನೋಡಿಬಿಟ್ಟಿದ್ದೇವೆ. ಹಳೇಬೀಡಿನ ಹೊಯ್ಸಳೇಶ್ವರ ಮುಗಿಸಿದ ಟೂರಿಸ್ಟ್ ಬಸ್ಸುಗಳು ಸೀದಾ ಬೇಲೂರಿಗೆ ತಿರುಗುತ್ತವೆ. ಅರ್ಧ ಕಿಲೋಮೀಟರು ಆಚೆಯ ನಮ್ಮ ಬಸದಿಗಳ ತನಕ ಬರುವವರು ಬೆನ್ನಿಗೆ ಚೀಲ ಹೇರಿಕೊಂಡು ನಡೆದೇ ಬರುವವರು. ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳಲ್ಲಿ ಮುಖ ನೋಡಿಕೊಂಡು, ಗೇಟಿನಾಚೆ ಮರದಡಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಒಬ್ಬಾಕೆ ಪುಟ್ಟ ಚಾಕುವಿನಲ್ಲಿ ಏಲಕ್ಕಿ ಬಾಳೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಬ್ರೆಡ್ಡಿನ ಮೇಲೆ ಸಾಲಾಗಿ ಜೋಡಿಸಿ, ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೇ ಹಾಕಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ. "ಪಾಪ, ಅಷ್ಟು ದೂರದಿಂದ ಬಂದು ಇದನ್ನ ತಿಂತಾವಲ್ಲೋ" ಎಂದು ಅವ್ವ ಒಂದು ಚೊಂಬು ಮಜ್ಜಿಗೆ ಕಳಿಸಿದ್ದಳು.

ಈ ಬಸದಿಯನ್ನು ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವ ಕಟ್ಟಿಸಿದ್ದು 1133ರಲ್ಲಿ. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಒಯ್ದರಂತೆ. ಯುದ್ಧ ಗೆದ್ದ ಸಂತೋಷ, ಗಂಡುಮಗು ಹುಟ್ಟಿದ ಸಂತೋಷ ಎರಡೂ ಕೂಡಿಬಂದು, ರಾಜ ದೇವರನ್ನು ವಿಜಯಪಾರ್ಶ್ವ ಎಂದು ಕರೆದು ಜಾವಗಲ್ಲನ್ನು ದತ್ತಿ ಬಿಟ್ಟ. ಇಲ್ಲಿಂದ ಬಂಕಾಪುರಕ್ಕೆ ಆ ಅರ್ಚಕರು ದಾರಿಯಲ್ಲಿ ಏನು ತಿಂದರೋ! ಶಾಸನ ಬರೆಯುವವರಿಗೆ ಅದೆಲ್ಲ ಬೇಕಿಲ್ಲ. ಆದರೂ ಆ ಕಾಲದ ಬಸದಿಗಳ ದತ್ತಿಯಲ್ಲಿ ಪೂಜೆ, ಜೀರ್ಣೋದ್ಧಾರದ ಜೊತೆ ಋಷಿಯರ ಆಹಾರದಾನದ ಮಾತು ಮತ್ತೆ ಮತ್ತೆ ಬರುತ್ತದೆ. ಹಸಿದು ಬಂದವನ ಖರ್ಚನ್ನು ಮೊದಲೇ ಯಾರೋ ಹೊತ್ತಿರುತ್ತಿದ್ದರು.

ಅದೇ ಭರವಸೆಯಲ್ಲಿ ಲಂಡನ್ನಿಗೆ ಹೋದರೆ ಆಗುತ್ತದೆಯೇ? ಮಗಳ ಮನೆ ಊರ ಅಂಚಿನಲ್ಲಿ. ಬೆಳಿಗ್ಗೆ ಹೊರಟರೆ ವಾಪಸಾಗುವುದು ಕತ್ತಲಾದ ಮೇಲೆ. ಬ್ರಿಟಿಷ್ ಮ್ಯೂಸಿಯಂ ಒಳಗೆ ಬಿಡಲು ದುಡ್ಡು ಕೇಳುವುದಿಲ್ಲ, ಕೇಳುವುದು ಕಾಫಿಗೆ. ಪೌಂಡನ್ನು ನೂರರಿಂದ ಗುಣಿಸುವ ಚಟ ಹತ್ತಿದವನಿಗೆ ಯಾವ ಕಾಫಿಯೂ ರುಚಿಸದು. ಸೂಪರ್‌ಮಾರ್ಕೆಟ್ಟಿನಲ್ಲಿ ಸ್ಯಾಂಡ್‌ವಿಚ್, ಚಿಪ್ಸ್, ಕುಡಿಯಲು ಏನಾದರೊಂದು, ಮೂರೂ ಸೇರಿ ಒಂದೇ ರೇಟಿನ 'ಮೀಲ್ ಡೀಲ್' ಇದೆ. ಆಫೀಸಿನ ಜನವೆಲ್ಲ ಅದನ್ನೇ ಹಿಡಿದು ಪಾರ್ಕಿನ ಬೆಂಚಿಗೆ ಬರುತ್ತಾರೆ. ಸಂಜೆಯ ಹೊತ್ತಿಗೆ ಉಳಿದ ಮಾಲಿನ ಮೇಲೆ ಹಳದಿ ಚೀಟಿ ಅಂಟಿಸಿ ದರ ಇಳಿಸುತ್ತಾರೆ. ಆ ಹಳದಿ ಚೀಟಿ ನನ್ನ ಹೆಂಡತಿಯ ಕಣ್ಣಿಗೆ ಎಷ್ಟು ದೂರದಿಂದಲೂ ಬೀಳುತ್ತಿತ್ತು. ಅರ್ಧ ಬೆಲೆಯ ಬ್ರೆಡ್ಡು ಬಿಡಿಸಿ, ಬೆಣ್ಣೆ ಸವರಿ, ಅರಸೀಕೆರೆ ಕೊಬ್ಬರಿಯ ಚಟ್ನಿಪುಡಿ ಉದುರಿಸಿ ಮಡಚಿಕೊಟ್ಟರೆ, ಪಕ್ಕದ ಬೆಂಚಿನವನು ಮೂಗರಳಿಸಿ ತಿರುಗಿ ನೋಡಬೇಕು, ಹಾಗಿರುತ್ತಿತ್ತು.

ಈ ಪಾಡು ಹೊಸದೇನಲ್ಲ. 1888ರಲ್ಲಿ ಬ್ಯಾರಿಸ್ಟರಿಕೆ ಓದಲು ಬಂದ ಗಾಂಧಿ ಸಸ್ಯಾಹಾರಿ ಹೋಟೆಲು ಹುಡುಕುತ್ತಾ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು, ಅಗ್ಗದ ಜಾಗಗಳಲ್ಲಿ ಬ್ರೆಡ್ಡನ್ನೇ ತಿಂದು, ಕೊನೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದನ್ನು ಕಂಡುಕೊಂಡರು. ಆಮೇಲೆ ಬೆಳಿಗ್ಗೆ ತಾವೇ ಓಟ್ಸ್ ಗಂಜಿ ಕಾಯಿಸಿ, ರಾತ್ರಿ ಬ್ರೆಡ್ಡು ಕೋಕೋದಲ್ಲಿ ಮುಗಿಸಿ, ದಿನದ ಖರ್ಚನ್ನು ಒಂದು ಶಿಲಿಂಗ್ ಮೂರು ಪೆನ್ಸಿಗೆ ತಂದಿಟ್ಟರು. ಈಗಿನವರಿಗೆ ಅಷ್ಟು ಅಲೆದಾಟವಿಲ್ಲ. ಯೂಸ್ಟನ್ ಸ್ಟೇಷನ್ನಿನ ಪಕ್ಕದ ಡ್ರಮಂಡ್ ಬೀದಿಯಲ್ಲಿ ದೋಸೆ, ಭೇಲ್‌ಪುರಿ ಸಿಗುತ್ತದೆ. ಸಾಂಬಾರು ಸ್ವಲ್ಪ ಸಿಹಿ, ಅಷ್ಟೆ.

ಪೂರ್ತಿ ಬಿಟ್ಟಿ ಊಟ ಸಿಕ್ಕಿದ್ದು ಸೌತಾಲ್‌ನಲ್ಲಿ. ಮೊದಲು ಹ್ಯಾವ್‌ಲಾಕ್ ರಸ್ತೆ ಎನಿಸಿದ್ದ, ಈಗಿನ ಗುರುನಾನಕ್ ರಸ್ತೆಯ ಗುರುದ್ವಾರದಲ್ಲಿ ಯಾರು, ಯಾವ ಜಾತಿ ಎಂದು ಕೇಳದೆ ಬಂದವರಿಗೆಲ್ಲ ಲಂಗರ್ ಬಡಿಸುತ್ತಾರೆ. ತಲೆಗೆ ಬಟ್ಟೆ ಕಟ್ಟಿಕೊಂಡು ತಟ್ಟೆ ಹಿಡಿದೆ. ಬಿಸಿ ರೊಟ್ಟಿ, ಗಟ್ಟಿ ದಾಲ್, ಖೀರು. ಬಡಿಸುವ ಅಜ್ಜ ರೊಟ್ಟಿಯನ್ನು ನಾನು ಎರಡೂ ಕೈ ಚಾಚಿದ ಮೇಲೆಯೇ ಹಾಕಿದ್ದು. ಗುಣಾಕಾರ ಮರೆತು ಮೂರು ಸಲ ಹಾಕಿಸಿಕೊಂಡೆ. ಹೊರಡುವಾಗ ಸುಮ್ಮನೆ ಬರಲು ಮನಸ್ಸು ಒಪ್ಪಲಿಲ್ಲ, ಹುಂಡಿಗೆ ಇಪ್ಪತ್ತು ಪೌಂಡಿನ ನೋಟು ಹಾಕಿದೆ.

"ಅಪ್ಪಾ, ಇಡೀ ಟ್ರಿಪ್ಪಿನಲ್ಲಿ ನಿಮ್ಮ ದುಬಾರಿ ಊಟ ಇದೇ ನೋಡಿ" ಎಂದಳು ಮಗಳು.