ಬಾದಾಮಿಯ ಬೆಟ್ಟ ಕೆಂಪಗಿದೆಯೇ?

ಪ್ರಿಯ ಸಹೋದರಿಯರೇ, ನೀವು ಈ ಪುಟ ತೆರೆಯುವ ಹೊತ್ತಿಗೆ ಒಲೆಯ ಮೇಲೆ ಹಾಲು ಕಾಯುತ್ತಿರಬಹುದು, ಮಕ್ಕಳು ಮದ್ರಸಾದಿಂದ ಬರುವ ಸಮಯವಾಗಿರಬಹುದು. ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ. ಒಂದು ದಿನದ ಪ್ರವಾಸದ ಕಥೆ ಹೇಳಿ ಮುಗಿಸುತ್ತೇನೆ. ನಾನು ನೋಡಿದ ಬೆಟ್ಟಗಳ ಜೊತೆಗೆ ನಾನು ಮಾಡಿದ ಒಂದು ತಪ್ಪಿನ ಮಾತೂ ಇದರಲ್ಲಿದೆ.

ನಮ್ಮೂರು ಮುದ್ದೇಬಿಹಾಳ. ಸುತ್ತ ಎರೆಹೊಲ, ತೊಗರಿ, ಬಿಳಿಜೋಳ. ಕಣ್ಣು ಹಾಯಿಸಿದಷ್ಟು ದೂರ ಬಯಲು. ನಮ್ಮ ಮಕ್ಕಳಿಗೆ ಬೆಟ್ಟವೆಂದರೆ ಪಠ್ಯಪುಸ್ತಕದ ಚಿತ್ರ. ಆದರೆ ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಬಾದಾಮಿಯ ಬೆಟ್ಟಗಳು ಎದುರಾಗುತ್ತವೆ. ಕಳೆದ ಜನವರಿಯ ಒಂದು ರವಿವಾರ ನಾವು ನಾಲ್ವರು ಗೆಳೆಯರು ಎರಡು ಬೈಕುಗಳಲ್ಲಿ ಅಲ್ಲಿಗೆ ಹೊರಟೆವು. ಒಬ್ಬರು ನನ್ನ ಸಹೋದ್ಯೋಗಿ, ಇತಿಹಾಸದ ಮಾಸ್ತರು. ಇನ್ನೊಬ್ಬರದು ಹೊಲಿಗೆ ಅಂಗಡಿ. ಮತ್ತೊಬ್ಬರು ಹಣ್ಣಿನ ವ್ಯಾಪಾರಿ.

ಫಜ್ರ್ ನಮಾಝ್ ಮುಗಿಸಿ ಮನೆಗೆ ಬಂದಾಗ ನನ್ನ ಪತ್ನಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿ ಇಟ್ಟಿದ್ದಳು. ನಾಲ್ಕು ಜನರಿಗೆ ಸಾಲುವಷ್ಟು. ಅದಕ್ಕಾಗಿ ಅವಳು ಎಷ್ಟು ಹೊತ್ತಿಗೆ ಎದ್ದಿದ್ದಳೋ ನಾನು ಕೇಳಲಿಲ್ಲ. ಬುತ್ತಿಯನ್ನು ಕೈಗೆ ಕೊಡುತ್ತಾ ಅವಳು ಒಂದೇ ಮಾತು ಕೇಳಿದಳು. "ಅಲ್ಲಿಯ ಬೆಟ್ಟ ನಿಜವಾಗಿಯೂ ಕೆಂಪಗಿದೆಯಂತೆ. ಹೌದೇ? ಬಂದು ಹೇಳಿ."

ಬಾಗಿಲ ಹಿಂದೆ ಮಗಳು ನಿಂತಿದ್ದಳು. ಒಂಬತ್ತನೇ ತರಗತಿ. ಅವಳೇನೂ ಕೇಳಲಿಲ್ಲ. ಆ ಮೌನದ ಕಾರಣ ನನಗೆ ಗೊತ್ತಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಚಳಿಗೆ ಕಿವಿಗಳು ಮರಗಟ್ಟಿದ್ದವು. ತಂಗಡಗಿಯ ಬಳಿ ಕೃಷ್ಣೆಯ ಮೇಲೆ ಸೂರ್ಯ ಹುಟ್ಟಿದ. ನೀರಿನಿಂದ ಹೊಗೆಯಂತೆ ಮಂಜು ಏಳುತ್ತಿತ್ತು. ಬಸವಣ್ಣನವರ ಪತ್ನಿ ಶರಣೆ ನೀಲಾಂಬಿಕೆ ಐಕ್ಯರಾದದ್ದು ಈ ದಂಡೆಯಲ್ಲಿ ಎನ್ನುತ್ತಾರೆ. 1565ರ ಜನವರಿಯಲ್ಲಿ ವಿಜಯನಗರಕ್ಕೂ ದಖ್ಖನಿನ ಸುಲ್ತಾನರಿಗೂ ನಡೆದ ಕಾಳಗವನ್ನು ನಾವು ತಾಳಿಕೋಟೆ ಯುದ್ಧ ಎಂದು ಓದಿದ್ದೇವೆ. ಅದಕ್ಕೆ ರಕ್ಕಸತಂಗಡಿ ಯುದ್ಧ ಎಂಬ ಹೆಸರೂ ಇದೆ. ಆ ತಂಗಡಿ ಎಂದರೆ ಇದೇ ತಂಗಡಗಿ ಎಂದು ಮಾಸ್ತರು ವಿವರಿಸಿದರು. ಲಕ್ಷಾಂತರ ಜನರ ಭವಿಷ್ಯ ನಿರ್ಧರಿಸಿದ ಆ ಸೀಮೆಯಲ್ಲಿ ಈಗ ಒಬ್ಬ ಅಜ್ಜ ಎಮ್ಮೆ ತೊಳೆಯುತ್ತಿದ್ದ.

ಹುನಗುಂದ ದಾಟಿ ಅಮೀನಗಡಕ್ಕೆ ಬರುವಾಗ ಒಂದು ಬೈಕು ಪಂಕ್ಚರ್ ಆಯಿತು. ರಿಪೇರಿಯಾಗುವವರೆಗೆ ಆ ಊರಿನ ಹೆಸರಾಂತ ಕರದಂಟನ್ನು ಮನೆಗೆಂದು ಒಂದು ಕಿಲೋ ಕಟ್ಟಿಸಿದೆವು. ಅಲ್ಲಿಂದ ಮುಂದೆ ನೆಲದ ಬಣ್ಣವೇ ಬದಲಾಗುತ್ತದೆ. ಕಪ್ಪು ಮಣ್ಣು ಹಿಂದೆ ಸರಿದು ಕೆಂಪು ಕಲ್ಲಿನ ಗುಡ್ಡಗಳು ಒಂದೊಂದಾಗಿ ತಲೆ ಎತ್ತುತ್ತವೆ.

ಐಹೊಳೆಯಲ್ಲಿ ನಾವು ಮೊದಲು ಮೇಗುತಿ ಗುಡ್ಡ ಹತ್ತಿದೆವು. ಅಲ್ಲಿಯ ಜಿನಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನವಿದೆ. ಇಮ್ಮಡಿ ಪುಲಕೇಶಿಯ ವಿಜಯಗಳನ್ನು ನಾವು ತಿಳಿದದ್ದು ಮುಖ್ಯವಾಗಿ ಆ ಕಲ್ಲಿನಿಂದ. ಕೆಳಗೆ ಊರಿನೊಳಗೆ ಒಂದು ದೇವಾಲಯಕ್ಕೆ ಲಾಡಖಾನ್ ಗುಡಿ ಎಂದೇ ಹೆಸರು. ಒಂದು ಕಾಲದಲ್ಲಿ ಲಾಡಖಾನ್ ಎಂಬವರು ಅದರಲ್ಲಿ ವಾಸವಾಗಿದ್ದರಂತೆ. ಅವರು ಹೋದರೂ ಹೆಸರು ಉಳಿಯಿತು. ಹೊಲಿಗೆ ಗೆಳೆಯ ನಗುತ್ತಾ, "ನೋಡ್ರಿ ಮಾಸ್ತರ, ಬಾಡಿಗಿ ಮನಿಗೂ ಹೆಸರು ಉಳಿಸಿ ಹೋಗ್ಯಾನ" ಎಂದ.

ಪಟ್ಟದಕಲ್ಲು ಮಲಪ್ರಭಾ ನದಿಯ ದಂಡೆಯಲ್ಲಿದೆ. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಅತಿ ದೊಡ್ಡದಾದ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ತನ್ನ ಪತಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ, ಎಂಟನೆಯ ಶತಮಾನದಲ್ಲಿ. ಪಕ್ಕದ ಮಲ್ಲಿಕಾರ್ಜುನ ದೇವಾಲಯವೂ ಇನ್ನೊಬ್ಬ ರಾಣಿಯದೇ, ತ್ರೈಲೋಕ್ಯಮಹಾದೇವಿಯದು. ಇಬ್ಬರು ಸ್ತ್ರೀಯರ ಹೆಸರು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಕಲ್ಲಿನಲ್ಲಿ ನಿಂತಿದೆ. ಇದನ್ನು ನಮ್ಮ ಹುಡುಗಿಯರು ನೋಡಬೇಕಿತ್ತು ಎನ್ನಿಸಿತು. ಹಾಗೆ ಎನ್ನಿಸಿದ ಕೂಡಲೇ ಎದೆಯೊಳಗೆ ಏನೋ ಚುಚ್ಚಿತು.

ಈಗ ಆ ಮಾತು ಹೇಳಬೇಕು. ಡಿಸೆಂಬರಿನಲ್ಲಿ ಮಗಳ ಶಾಲೆಯವರು ಇದೇ ಜಾಗಗಳಿಗೆ ಪ್ರವಾಸ ಹೊರಟಿದ್ದರು. ಶಿಕ್ಷಕಿಯರು ಜೊತೆಗಿದ್ದರು, ರಾತ್ರಿಯೊಳಗೆ ಮರಳುವುದಿತ್ತು. ಅವಳು ಕೈಖರ್ಚಿನ ದುಡ್ಡು ಕೂಡಿಟ್ಟು ಚೀಟಿ ಹಿಡಿದು ಬಂದಿದ್ದಳು. ನಾನು "ಈಗ ಬೇಡಮ್ಮಾ, ಮುಂದೆ ನೋಡೋಣ" ಎಂದೆ. ಕಾರಣ ಕೇಳಿದಳು. ನನ್ನ ಬಳಿ ಕಾರಣವಿರಲಿಲ್ಲ. ಜನ ಏನೆನ್ನುತ್ತಾರೋ ಎಂಬುದೊಂದೇ ಇತ್ತು. ಅದನ್ನು ಬಾಯಿಬಿಟ್ಟು ಹೇಳದೆ, "ಹೇಳಿದಷ್ಟು ಕೇಳು" ಎಂದು ಗದರಿಸಿದೆ. ಅವಳು ಚೀಟಿ ಮಡಚಿ ಒಳಗೆ ಹೋದಳು. ಅದಾಗಿ ಒಂದು ತಿಂಗಳಿಗೆ ನಾನು ಗೆಳೆಯರೊಂದಿಗೆ ಅದೇ ಊರಿಗೆ ಬೈಕು ಹತ್ತಿದ್ದೆ!

ಬಾದಾಮಿ ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ಸಹೋದರಿಯರೇ, ಆ ನೋಟವನ್ನು ಹೇಗೆ ವರ್ಣಿಸಲಿ? ಎರಡು ಕಡೆ ಗೋಡೆಯಂತೆ ನೆಟ್ಟಗೆ ನಿಂತ ಬೆಟ್ಟಗಳು, ನಡುವೆ ಅಗಸ್ತ್ಯ ತೀರ್ಥದ ಹಸಿರು ನೀರು. ಕಲ್ಲಿನ ಬಣ್ಣ ಒಂದು ಕಡೆ ಇಟ್ಟಿಗೆಯಂತೆ, ಇನ್ನೊಂದು ಕಡೆ ಕೇಸರಿಯಂತೆ, ನೆರಳಿದ್ದಲ್ಲಿ ಹಣ್ಣಾದ ಅಂಜೂರದಂತೆ. ಇದು ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಹರಿಯುವ ನೀರು ತಂದು ಹಾಸಿದ ಮರಳು ಪದರಗಟ್ಟಿ ಕಲ್ಲಾಗಿದೆ. ಅದರಲ್ಲಿರುವ ಕಬ್ಬಿಣದ ಅಂಶ ಈ ಕೆಂಪು ಬಣ್ಣ ಕೊಟ್ಟಿದೆ. ಹತ್ತಿರ ಹೋಗಿ ನೋಡಿದರೆ ಪದರಗಳನ್ನು ಪುಸ್ತಕದ ಹಾಳೆಗಳಂತೆ ಎಣಿಸಬಹುದು. ಸೃಷ್ಟಿಕರ್ತನ ಕೆಲಸಕ್ಕೆ ಎಂತಹ ತಾಳ್ಮೆ!

ಗುಹೆಗಳ ಬುಡದಲ್ಲಿ ಒಂದು ಹಳೆಯ ಮಸೀದಿಯ ಕಟ್ಟಡವಿದೆ. ಮೇಲೆ ಬಂಡೆಯನ್ನೇ ಕೊರೆದು ಮಾಡಿದ ನಾಲ್ಕು ಗುಹಾಲಯಗಳು. ಮೂರನೆಯದರಲ್ಲಿ ಮಂಗಳೇಶನ, 578ನೇ ಇಸವಿಯ ಶಾಸನವಿದೆ. ನಾಲ್ಕನೆಯದು ಜೈನರದು. ಎದುರಿನ ಉತ್ತರ ದಿಕ್ಕಿನ ಕೋಟೆಯ ಮೇಲೆ ಟಿಪ್ಪು ಸುಲ್ತಾನರ ಕಾಲದ ತೋಪು ಇದೆ. 1786ರಲ್ಲಿ ಮರಾಠರೂ ನಿಜಾಮನ ಸೈನ್ಯವೂ ಕೂಡಿ ಈ ಕೋಟೆಯನ್ನು ಟಿಪ್ಪುವಿನಿಂದ ಕಿತ್ತುಕೊಂಡಿದ್ದವು. ಹೀಗೆ ಒಂದೇ ಕಣಿವೆಯಲ್ಲಿ ಎಷ್ಟು ಕಾಲ, ಎಷ್ಟು ಮತಗಳ ಜನ ಬಂದು ಹೋಗಿದ್ದಾರೆ!

ಗುಹೆಗಳ ಮೆಟ್ಟಿಲುಗಳ ಮೇಲೆ ಶಾಲಾ ಮಕ್ಕಳ ದಂಡು ಇತ್ತು. ಅವರಲ್ಲಿ ಸ್ಕಾರ್ಫ್ ಕಟ್ಟಿದ ಹುಡುಗಿಯರೂ ಏಳೆಂಟು ಮಂದಿ. ಒಬ್ಬಳು ಮಂಡಿಯ ಮೇಲೆ ನೋಟ್‌ಬುಕ್ ಇಟ್ಟು ಕಂಬದ ಚಿತ್ರ ಬಿಡಿಸುತ್ತಿದ್ದಳು. ಕೋತಿಯೊಂದು ಅವಳ ಬಿಸ್ಕತ್ತಿನ ಪೊಟ್ಟಣ ಕಸಿದುಕೊಂಡು ಓಡಿತು. ಎಲ್ಲರೂ ಹೋ ಎಂದು ನಕ್ಕರು, ಅವಳೂ ನಕ್ಕಳು, ಮತ್ತೆ ತಲೆ ತಗ್ಗಿಸಿ ಚಿತ್ರ ಬಿಡಿಸತೊಡಗಿದಳು. ನನ್ನ ಮಗಳಷ್ಟೇ ವಯಸ್ಸು. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರದೆ ಕೆಳಗಿಳಿದೆ.

ಝುಹ್ರ್ ಮುಗಿಸಿ ಐದು ಕಿ.ಮೀ. ದೂರದ ಬನಶಂಕರಿಗೆ ಹೋದೆವು. ಅಲ್ಲಿ ಮರದ ನೆರಳಲ್ಲಿ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಕಾಳುಪಲ್ಯ, ಗಡಿಗೆ ಮೊಸರು ಮಾರುತ್ತಾರೆ. ನಾವು ನಮ್ಮ ಬುತ್ತಿ ಬಿಚ್ಚಿ ಮೊಸರು ಕೊಂಡೆವು. ಆ ತಾಯಿ ಸಜ್ಜೆ ರೊಟ್ಟಿ ನೋಡಿ, "ಎಷ್ಟು ತೆಳ್ಳಗ ಬಡದಾರ! ಯಾರ ಮಾಡ್ಯಾರ್ರಿ?" ಎಂದಳು. "ನಮ್ಮ ಮನಿಯಾಕಿ" ಎಂದೆ.

"ಆಕೀನ್ನ ಯಾಕ ಕರಕೊಂಡ ಬಂದಿಲ್ರಿ ಮತ್ತ? ರೊಟ್ಟಿ ಅಷ್ಟ ಬಂದ್ವೇನು?"

ಗೆಳೆಯರು ನಕ್ಕರು. ನನಗೆ ತುತ್ತು ಗಂಟಲಲ್ಲಿ ನಿಂತಿತು.

ಮರಳುವಾಗ ಬಾಗಲಕೋಟೆಯ ದಾರಿ ಹಿಡಿದೆವು. ಹಣ್ಣಿನ ವ್ಯಾಪಾರಿ ಗೆಳೆಯನ ತಾಯಿಯ ತವರು ಹಳೆ ಬಾಗಲಕೋಟೆ. ಆ ಓಣಿ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಅವನು ಬೈಕು ನಿಲ್ಲಿಸಿ ನೀರಿನ ಕಡೆ ಬೆರಳು ತೋರಿಸಿ, "ಅವ್ವ ಸಾಯೂತನಕ ಒಮ್ಮೆ ತೋರಸು ಅಂತಿದ್ಲು. ನಾಳೆ ನಾಳೆ ಅಂದೆ" ಎಂದ. ಆಮೇಲೆ ಯಾರೂ ಮಾತಾಡಲಿಲ್ಲ. ಆಲಮಟ್ಟಿಗೆ ಬಂದಾಗ ಕತ್ತಲಾಗಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟಿದು. ಅದರ 26 ಗೇಟುಗಳ ಹಿಂದೆ ನಿಂತ ನೀರು ನಮ್ಮ ಹೊಲಗಳಿಗೆ ಜೀವ ಕೊಟ್ಟಿದೆ, ಎಷ್ಟೋ ಜನರ ಅಂಗಳವನ್ನೂ ತೆಗೆದುಕೊಂಡಿದೆ.

ಇಶಾ ಹೊತ್ತಿಗೆ ಮನೆ ತಲುಪಿದೆ. ಇನ್ನೂರು ಕಿ.ಮೀ.ಗೂ ಹೆಚ್ಚು ಓಡಿದ ಬೈಕಿನ ಧೂಳು ಮೈತುಂಬಾ. ಕರದಂಟಿನ ಪೊಟ್ಟಣ ಬಿಚ್ಚುತ್ತಾ ಪತ್ನಿ ಮತ್ತೆ ಕೇಳಿದಳು. "ಕೆಂಪಗಿದೆಯೇ?"

ಆಗ ತಿಳಿಯಿತು. ಅವಳು ಏಳನೇ ತರಗತಿಯಲ್ಲಿದ್ದಾಗ ಅವಳ ಶಾಲೆಯ ಪ್ರವಾಸವೂ ಬಾದಾಮಿಗೇ ಹೋಗಿತ್ತಂತೆ. ಅವಳ ತಂದೆಯೂ "ಮುಂದೆ ನೋಡೋಣ" ಎಂದಿದ್ದರಂತೆ. ಹೋಗಿ ಬಂದ ಗೆಳತಿ ಬೆಟ್ಟ ಕೆಂಪಗಿದೆ ಎಂದದ್ದನ್ನು ಇವಳು ಇಪ್ಪತ್ತೈದು ವರ್ಷಗಳಿಂದ ನೆನಪಿಟ್ಟಿದ್ದಳು. ಆ "ಮುಂದೆ" ಬಂದೇ ಇರಲಿಲ್ಲ. ಅದೇ ಮಾತನ್ನು ನಾನು ಅವಳ ಮಗಳಿಗೆ ಹೇಳಿದ್ದೆ.

ಮದ್ರಸಾದಲ್ಲಿ ಓದುವಾಗ ನನಗೆ ಇಬ್ನ್ ಬತೂತಾರ ಪ್ರವಾಸ ಬಹಳ ಪ್ರಿಯವಾಗಿತ್ತು. 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಮೊರಾಕ್ಕೋದ ತಾಂಜೀರ್‌ನಿಂದ ಹೊರಟ ಅವರು ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಹುಡುಗಿಯರಿಗಾಗಿ 13 ಶಾಲೆಗಳಿದ್ದುದನ್ನು, ಹೆಂಗಸರೆಲ್ಲ ಕುರ್‌ಆನ್ ಕಂಠಪಾಠ ಮಾಡಿದ್ದನ್ನು ಅವರು ಬರೆದಿಟ್ಟಿದ್ದಾರೆ. ಏಳು ಶತಮಾನಗಳಷ್ಟು ಹಿಂದೆಯೇ ಇದೇ ಕನ್ನಡ ನೆಲದಲ್ಲಿ ಹೆಣ್ಣುಮಕ್ಕಳ ಕಲಿಕೆ ಅಷ್ಟು ಸಹಜವಾಗಿತ್ತು. ಭೂಮಿಯಲ್ಲಿ ಸಂಚರಿಸಿ ನೋಡಿರಿ ಎಂಬ ಕುರ್‌ಆನಿನ ಆದೇಶವನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುತ್ತೇನೆ. ಅದು ಗಂಡಸರಿಗೆ ಮಾತ್ರ ಎಂದು ಎಲ್ಲಿಯೂ ಓದಿಲ್ಲ.

ಮುಂದಿನ ತಿಂಗಳು ಒಂದು ರಜಾದಿನ ಪತ್ನಿ, ಮಗಳು, ನನ್ನ ತಾಯಿ, ಎಲ್ಲರೂ ಬಸ್ಸಿನಲ್ಲಿ ಬಾದಾಮಿಗೆ ಹೋದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದ್ದರಿಂದ ಟಿಕೆಟಿಗೆ ದುಡ್ಡು ಕೊಟ್ಟವನು ನಾನೊಬ್ಬನೇ! ಖರ್ಚಿನ ನೆಪವೂ ಉಳಿದಿರಲಿಲ್ಲ. ಅಮ್ಮಿಗೆ ಮೆಟ್ಟಿಲು ಹತ್ತಲಾಗದೆ ಕೆಳಗೇ ನೆರಳಲ್ಲಿ ಕುಳಿತರು. ಮಗಳು ನೋಟ್‌ಬುಕ್ ಹಿಡಿದು ಮುಂದೆ ಓಡಿದಳು. ಪತ್ನಿ ಬಂಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತಳು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು.

"ಹೌದು" ಎಂದಳು. ಮತ್ತೇನೂ ಹೇಳಲಿಲ್ಲ.

ನಿಮ್ಮ ಮನೆಯಲ್ಲಿಯೂ ಯಾರಾದರೂ ಹೀಗೆ ಒಂದು ಪ್ರಶ್ನೆಯನ್ನು ವರ್ಷಗಟ್ಟಲೆ ಇಟ್ಟುಕೊಂಡಿರಬಹುದು, ಸಹೋದರಿಯರೇ. ಬಹುಶಃ ಅದು ನೀವೇ ಆಗಿರಬಹುದು. ಈ ಪುಟವನ್ನು ಮಡಚಿ ನಿಮ್ಮ ಮನೆಯವರ ಚಹಾದ ಬಟ್ಟಲಿನ ಪಕ್ಕ ಇಡಿ. ಓದಿದ ಮೇಲೆ ಅವರು "ಮುಂದೆ ನೋಡೋಣ" ಎಂದರೆ, ಯಾವ ದಿನ ಎಂದು ಕೇಳಿ.