ದುಬೈಯಲ್ಲಿ ಇಳಿಯುವವರು ಒಬ್ಬರೇ

ಹೊಸೂರಿನ ಬಾಗಲೂರು ರಸ್ತೆ. ಟಿಕೆಟ್ ಅಂಗಡಿಯ ಹೊರಗಿನ ಬೋರ್ಡು ತಮಿಳಿನಲ್ಲಿದೆ, ಗೋಡೆಯ ಕ್ಯಾಲೆಂಡರು ತೆಲುಗಿನದು, ಮೇಜಿನ ಎರಡೂ ಕಡೆಯ ಮಾತು ಕನ್ನಡ. ಇಲ್ಲಿ ಇದು ಯಾರಿಗೂ ವಿಶೇಷವಲ್ಲ. ಡೆಂಕಣಿಕೋಟೆಯಿಂದ ಬೆಳಗಿನ ಬಸ್ಸಿಗೇ ಬಂದಿರುವ ಚಿಕ್ಕಮ್ಮ, ಸೀರೆ ಅಂಗಡಿಯ ಚೀಲದೊಳಗಿಂದ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಡುತ್ತಾರೆ. ಅಮ್ಮನದು ಆಗಲೇ ಅಲ್ಲಿದೆ.

ಅಂಗಡಿಯಾತ ಮೊದಲು ನೋಡುವುದು ಫೋಟೊವನ್ನಲ್ಲ, ಸರ್‌ನೇಮ್ ಸಾಲನ್ನು. ನಮ್ಮ ಕಡೆ ಇನಿಷಿಯಲ್ ಇದ್ದರೆ ಸಾಕು, ಮನೆತನದ ಹೆಸರು ಯಾರಿಗೆ ಬೇಕು? ಆದರೆ ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ವಿಸಿಟ್ ವೀಸಾದಲ್ಲಿ ಬರುವವರನ್ನು ಬಿಟ್ಟುಕೊಳ್ಳುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ಹೇಳಿದ ಮೇಲೆ, ದುಬೈ ಎಂದರೆ ಏಜೆಂಟರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಚಿಕ್ಕಮ್ಮನ ಸಾಲಿನಲ್ಲಿ ಚಿಕ್ಕಪ್ಪನ ಹೆಸರಿದೆ. ಆತ ತಲೆಯಾಡಿಸಿ ಮುಂದಿನ ಪುಟ ತಿರುವುತ್ತಾನೆ.

"ಈಗ ಹೇಳ್ರಮ್ಮ, ಯಾರು ಯಾರ ಜೊತೆ ಎಲ್ಲೀತನಕ?"

ಅಲ್ಲೇ ಇರುವುದು ಗಂಟು. ಮ್ಯೂನಿಕ್‌ನಲ್ಲಿ ಅಕ್ಕ, ಲಂಡನ್ನಿನಲ್ಲಿ ತಮ್ಮ, ದುಬೈಯಲ್ಲಿ ಚಿಕ್ಕಮ್ಮನ ಮಗ. ಬೆಂಗಳೂರಿನಿಂದ ಅಮ್ಮ, ಚಿಕ್ಕಮ್ಮ ಇಬ್ಬರೇ. ಮ್ಯೂನಿಕ್‌ನಿಂದ ಪ್ಯಾರಿಸ್‌ಗೆ ಅಕ್ಕ ಜೊತೆಯಾಗುತ್ತಾಳೆ, ನಾಲ್ಕು ದಿನ ಇದ್ದು ಹಿಂದಿರುಗುತ್ತಾಳೆ. ಅಷ್ಟರಲ್ಲಿ ತಮ್ಮ ಪ್ಯಾರಿಸ್‌ಗೆ ಬಂದು ಇಬ್ಬರನ್ನೂ ಲಂಡನ್ನಿಗೆ ಕರೆದೊಯ್ಯುತ್ತಾನೆ. ವಾಪಸು ಬರುವಾಗ ಚಿಕ್ಕಮ್ಮ ಮಗನ ಮನೆಯಲ್ಲಿ ಉಳಿಯಬೇಕು. ಅಮ್ಮ ಉಳಿಯುವಂತಿಲ್ಲ, ಊರಿನಲ್ಲಿ ಮದುವೆಯಿದೆ.

ಆತ ಕೀಲಿಮಣೆ ಬಿಟ್ಟು ಬಿಳಿ ಹಾಳೆ ಎಳೆದುಕೊಳ್ಳುತ್ತಾನೆ. ಒಂದು ಪಿಎನ್‌ಆರ್‌ನಲ್ಲಿ ಒಂಬತ್ತು ಜನರನ್ನು ಸೇರಿಸಬಹುದು, ಆದರೆ ಎಲ್ಲರದೂ ಒಂದೇ ದಾರಿ, ಒಂದೇ ತಾರೀಖು ಆಗಿರಬೇಕು. ಎಲ್ಲೋ ಒಂದು ಕಡೆ ಒಬ್ಬರು ಇಳಿದುಕೊಳ್ಳುವುದಾದರೆ ಅವರ ಟಿಕೆಟ್ಟೇ ಬೇರೆ. ಕಂಪ್ಯೂಟರಿಗೆ ಅಕ್ಕತಂಗಿ ಗೊತ್ತಿಲ್ಲ.

"ಹೋಗೋದಕ್ಕೊಂದು, ಬರೋದಕ್ಕೊಂದು ಬಿಡಿಬಿಡಿಯಾಗಿ ತಗೊಂಡ್ರೆ ಆಗಲ್ವೇನಪ್ಪ?" ಅಮ್ಮ ಕೇಳುತ್ತಾರೆ.

ಆಗುತ್ತದೆ, ದುಡ್ಡು ಜಾಸ್ತಿ. ದೊಡ್ಡ ಏರ್‌ಲೈನ್ಸ್‌ಗಳಲ್ಲಿ ಯುರೋಪಿಗೆ ಒಂದು ಕಡೆಯ ದರ ಅನೇಕ ಸಲ ಹೋಗಿಬರುವ ದರದ ಅರ್ಧಕ್ಕಿಂತ ಎಷ್ಟೋ ಮೇಲಿರುತ್ತದೆ. ಮ್ಯೂನಿಕ್‌ನಲ್ಲಿ ಇಳಿದು ಲಂಡನ್ನಿನಲ್ಲಿ ಹತ್ತಿದರೂ ಅದನ್ನು ಒಂದೇ ಮಲ್ಟಿಸಿಟಿ ಟಿಕೆಟ್ಟಾಗಿ ಕೊಂಡರೆ ಹೋಗಿಬರುವ ಲೆಕ್ಕಕ್ಕೇ ಬೀಳುತ್ತದೆ. ಒಂದೇ ಎಚ್ಚರಿಕೆ: ಹೋಗುವ ವಿಮಾನ ತಪ್ಪಿಸಿಕೊಂಡು ಸುಮ್ಮನಿದ್ದರೆ ಬರುವ ಸೀಟೂ ತಾನಾಗಿ ರದ್ದು.

ಹಾಳೆಯ ಮೇಲೆ ಮೂರು ಗೆರೆಗಳು ಏಳುತ್ತವೆ. ಲುಫ್ತಾನ್ಸಾ ಹಿಡಿದರೆ ಬೆಂಗಳೂರಿನಿಂದ ಜರ್ಮನಿಗೆ ನೇರ ಹೋಗಬಹುದು, ಆದರೆ ಲಂಡನ್ನಿನಿಂದ ಬರುವಾಗ ಮತ್ತೆ ಜರ್ಮನಿಯಲ್ಲಿ ವಿಮಾನ ಬದಲಿಸಬೇಕು, ಆ ಹೊತ್ತಿಗೆ ಅಮ್ಮ ಒಬ್ಬರೇ. ಬ್ರಿಟಿಷ್ ಏರ್‌ವೇಸ್ ಆದರೆ ತಿರುಗುಮುರುಗು. ಇಬ್ಬರೂ ಜೊತೆಗಿರುವಾಗ ಹೀಥ್ರೂನಲ್ಲಿ ಬದಲಾವಣೆ, ಅಮ್ಮ ಒಂಟಿಯಾಗಿ ಬರುವಾಗ ನೇರ ಬೆಂಗಳೂರು. ನನಗೆ ಇದೇ ಸರಿ ಎನಿಸುತ್ತದೆ. ಯಾವುದು ಅಗ್ಗ ಎಂದು ನೋಡುವ ಮೊದಲು, ಎಲ್ಲಿ ಯಾರು ಒಬ್ಬರೇ ಆಗುತ್ತಾರೆ ಎಂದು ನೋಡಬೇಕು. ಆದರೆ ಇದರಲ್ಲಿ ಚಿಕ್ಕಮ್ಮನ ದುಬೈ ಸೇರುವುದಿಲ್ಲ.

ಮೂರನೆಯ ಗೆರೆ ಎಮಿರೇಟ್ಸ್. ಹೋಗುವಾಗ ದುಬೈ ಮೇಲೆ ಮ್ಯೂನಿಕ್, ಬರುವಾಗ ಲಂಡನ್ನಿನಿಂದ ದುಬೈವರೆಗೂ ಇಬ್ಬರೂ ಒಂದೇ ವಿಮಾನ. ಅಲ್ಲಿ ಚಿಕ್ಕಮ್ಮ ಸ್ಟಾಪ್‌ಓವರ್ ಅಂತ ಇಳಿಯುತ್ತಾರೆ. ಅಮ್ಮ ಒಬ್ಬರೇ ಆಗುವುದು ಕೊನೆಯ ನಾಲ್ಕು ಗಂಟೆ, ಅದೂ ಬೆಂಗಳೂರಿಗೆ ಬರುವ ವಿಮಾನದಲ್ಲಿ. ಪಕ್ಕದ ಸೀಟಿನವರು ಕನ್ನಡವೋ ತಮಿಳೋ ಮಾತಾಡದಿದ್ದರೆ ಕೇಳಿ.

ಅಮ್ಮನ ಹೆಸರಿನ ಮುಂದೆ ಆತ ಡಬ್ಲ್ಯುಸಿಎಚ್‌ಆರ್ ಎಂದು ಒತ್ತುತ್ತಾನೆ. ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು ಎಂದು ಅರ್ಥ.

"ವೀಲ್‌ಚೇರಾ? ನನ್ ಕಾಲಿಗೇನಾಗಿದೆ?"

"ಕಾಲಿಗಲ್ಲಮ್ಮ. ತಳ್ಳೋಕೆ ಬರೋನು ಸರಿಯಾದ ಗೇಟಿಗೆ ಬಿಡ್ತಾನಲ್ಲ, ಅದಕ್ಕೆ."

ಅಮ್ಮ ಒಪ್ಪಿದ ಹಾಗೂ ಇಲ್ಲ, ಒಪ್ಪದ ಹಾಗೂ ಇಲ್ಲ. ಆತ ಎರಡು ಪಿಎನ್‌ಆರ್ ಮಾಡಿ, ಇಬ್ಬರೂ ಜೊತೆಯವರು ಎಂದು ಒಂದರೊಳಗೊಂದು ಬರೆದು, ಅಕ್ಕಪಕ್ಕದ ಸೀಟು ಹುಡುಕುತ್ತಾನೆ. ಮೊದಲ ಟಿಕೆಟ್ಟಿಗೂ ಎರಡನೆಯದಕ್ಕೂ ದರದಲ್ಲಿ ಸ್ವಲ್ಪ ವ್ಯತ್ಯಾಸ. ಆ ದರದ ಸೀಟು ಒಂದೇ ಉಳಿದಿತ್ತಂತೆ. ಅದನ್ನು ಯಾರ ಹೆಸರಿಗೆ ಹಾಕಿದೆ ಎಂದು ಆತ ಜಾಣತನದಿಂದ ಹೇಳುವುದಿಲ್ಲ.

ಪ್ಯಾರಿಸ್ಸಿನ ಟಿಕೆಟ್ ಅಕ್ಕನೇ ಅಲ್ಲಿಂದ ತೆಗೆಯುತ್ತಾಳೆ, ಮೂವರಿಗೂ ಒಂದು ಕಡೆಯದು, ತಾನು ಮರಳುವುದಕ್ಕೆ ಬೇರೆಯದು. ಪ್ಯಾರಿಸ್‌ನಿಂದ ಲಂಡನ್ನಿಗೆ ವಿಮಾನವೇ ಬೇಡ. ಯೂರೋಸ್ಟಾರ್ ರೈಲು ಸಮುದ್ರದಡಿಯ ಸುರಂಗ ಹಾದು ಸುಮಾರು ಎರಡೂಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ. ಬ್ರಿಟನ್ನಿನ ಪಾಸ್‌ಪೋರ್ಟ್ ತಪಾಸಣೆ ಪ್ಯಾರಿಸ್ಸಿನ ಗಾರ್ ದು ನೋರ್ ನಿಲ್ದಾಣದಲ್ಲೇ ಮುಗಿಯುವುದರಿಂದ ತಮ್ಮ ಪಕ್ಕದಲ್ಲೇ ಇರುತ್ತಾನೆ. ಷೆಂಗೆನ್ ವೀಸಾ ಜರ್ಮನಿಯದು, ಹೆಚ್ಚು ದಿನ ಅಲ್ಲೇ ಇರುವುದರಿಂದ. ಬ್ರಿಟನ್ನಿನದು ಬೇರೆ, ದುಬೈಯದನ್ನು ಮಗ ಕಳಿಸುತ್ತಾನೆ. ವೀಸಾ ಬರುವ ಮುಂಚೆ ದುಡ್ಡು ಕಟ್ಟುವುದು ಬೇಡ, ಸದ್ಯಕ್ಕೆ ಹೋಲ್ಡ್.

"ತಾರೀಖು ಸರಿಯಾಗಿ ನೋಡ್ಕೊಳ್ಳಿ. ಹನ್ನೊಂದನೇ ತಾರೀಖು ಬೆಳಗಿನ ಜಾವದ ಫ್ಲೈಟು. ಅಂದ್ರೆ ಹತ್ತನೇ ತಾರೀಖು ರಾತ್ರಿ ಊಟ ಮುಗಿಸ್ಕೊಂಡು ಮನೆ ಬಿಡಬೇಕು." ಎರಡು ಸಲ ಹೇಳುತ್ತಾನೆ. ಹತ್ತರ ಕೆಳಗೆ ಕೆಂಪು ಗೆರೆ ಎಳೆಯುತ್ತಾನೆ.

ಮನೆಯಿಂದ ದೇವನಹಳ್ಳಿಗೆ ಸುಮಾರು 80 ಕಿಲೋಮೀಟರ್. ಅತ್ತಿಬೆಲೆ, ಸಿಲ್ಕ್ ಬೋರ್ಡ್ ಮೇಲೆ ಹೋಗುವುದೋ, ಸರ್ಜಾಪುರ, ಹೊಸಕೋಟೆ ಸುತ್ತಿಕೊಂಡು ಹೋಗುವುದೋ ಎಂಬ ವಾದ ಇಲ್ಲಿ ಪ್ರತಿ ಮನೆಯಲ್ಲೂ ಉಂಟು. ಹೊಸೂರಿಗೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತರುತ್ತೇವೆ, 2,000 ಎಕರೆಯಲ್ಲಿ ಎಂದು ತಮಿಳುನಾಡು ಸರ್ಕಾರ 2024ರ ಜೂನ್‌ನಲ್ಲಿ ವಿಧಾನಸಭೆಯಲ್ಲಿ ಘೋಷಿಸಿತು. ಆದರೆ 2008ರಲ್ಲಿ ಶುರುವಾದ ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿ, 150 ಕಿಲೋಮೀಟರಿನೊಳಗೆ 25 ವರ್ಷ ಹೊಸದೊಂದು ಬರುವುದಕ್ಕೆ ತಡೆಯಿದೆ. 2033ರವರೆಗೆ ನಮ್ಮ ವಿಮಾನವೆಲ್ಲ ದೇವನಹಳ್ಳಿಯದೇ ಎಂದುಕೊಂಡಿರುವುದು ಕ್ಷೇಮ.

"ರಾಗಿಹಿಟ್ಟು, ಚಟ್ನಿಪುಡಿ ತಗೊಂಡ್ಹೋಗ್ಬೋದು ತಾನೆ?"

"ತಗೊಂಡ್ಹೋಗಿ. ತುಪ್ಪ, ಪೇಡ ಮಾತ್ರ ಬೇಡ. ಹಾಲಿನ ಪದಾರ್ಥ ಯುರೋಪಲ್ಲಿ ಬಿಡಲ್ಲ."

ಚಿಕ್ಕಮ್ಮ ನೆಟ್ಟಗೆ ಕೂರುತ್ತಾರೆ. ಮನೆಯಲ್ಲಿ ಕಾಯಿಸಿದ ತುಪ್ಪ ಮಗನಿಗೆಂದೇ ಎತ್ತಿಟ್ಟಿದೆ. "ತುಪ್ಪ ದುಬೈಗಪ್ಪ, ಯುರೋಪಿಗಲ್ಲ."

"ಮ್ಯೂನಿಕ್ ದಾಟ್ಕೊಂಡು ತಾನೆ ದುಬೈಗೆ ಬರೋದು?"

"ಹಂಗಾದ್ರೆ ಹೋಗೋವಾಗ್ಲೇ ದುಬೈಯಲ್ಲಿ ಇಳ್ಕೊಂಡ್ಬಿಟ್ರೆ?"

ಕೀಲಿಮಣೆಯ ಮೇಲಿನ ಬೆರಳುಗಳು ನಿಲ್ಲುತ್ತವೆ.

"ನಿನ್ ತುಪ್ಪಕ್ಕೋಸ್ಕರ ನಾನು ಮ್ಯೂನಿಕ್‌ಗೆ ಒಬ್ಳೇ ಹೋಗ್ಲೇನೇ?" ಅಮ್ಮ ಪಾಸ್‌ಪೋರ್ಟನ್ನು ಆತನ ಕಡೆಗೆ ತಳ್ಳುತ್ತಾರೆ. "ನೀನು ಹೋಲ್ಡ್ ಹಾಕಪ್ಪ."